ನೀರು ಎಲೆಗೆ, ಹಿಡಿತ ಬೇರಿಗೆ: ಬ್ರೊಮೀಲಿಯಾಡ್ ಬೆಳೆಸಹೊರಟವರಿಗೊಂದು ಬಹಿರಂಗ ಪತ್ರ

ಬಾಲ್ಕನಿಯಲ್ಲೋ ತಾರಸಿಯಲ್ಲೋ ಮನೆಯಂಗಳದಲ್ಲೋ ಮೊದಲ ಬಾರಿಗೆ ಬ್ರೊಮೀಲಿಯಾಡ್ ತಂದಿಟ್ಟುಕೊಂಡಿರುವ ಎಲ್ಲ ಹೊಸ ತೋಟಗಾರರಿಗೆ,

ನರ್ಸರಿಗಳಲ್ಲಿ, ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ತೆರೆದುಕೊಳ್ಳುವ ಗಿಡದ ಮಳಿಗೆಗಳಲ್ಲಿ ಈ ಗಿಡ ಈಗ ಸುಲಭವಾಗಿ ಸಿಗುತ್ತದೆ. ಹೊಳೆಯುವ ಹಸಿರೆಲೆಗಳ ನಡುವಿನಿಂದ ಎದ್ದು ನಿಂತ ಕೆಂಪು, ಹಳದಿ, ಕಿತ್ತಳೆ ಬಣ್ಣದ ಹೂಗೊಂಚಲು ಕಂಡವರಿಗೆ ಕೊಳ್ಳದೆ ಬರಲು ಮನಸ್ಸಾಗುವುದಿಲ್ಲ. ಮನೆಗೆ ತಂದ ಮೇಲಿನ ಕಥೆ ಮಾತ್ರ ಸಾಮಾನ್ಯವಾಗಿ ಒಂದೇ ತೆರನದು. ತುಳಸಿಗೂ ಗುಲಾಬಿಗೂ ಹಾಕುವ ಹಾಗೆ ಇದರ ಕುಂಡದ ಮಣ್ಣಿಗೂ ದಿನಾ ಬೆಳಿಗ್ಗೆ ನೀರು ಬೀಳುತ್ತದೆ, ಆಗಾಗ ಒಂದು ಹಿಡಿ ಗೊಬ್ಬರವೂ ಬೀಳುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಎಲೆಗಳು ಬುಡದಲ್ಲಿ ಸಡಿಲವಾಗುತ್ತವೆ. ಒಂದು ದಿನ ನಡುವಿನ ಸುಳಿ ಹಿಡಿದೆಳೆದರೆ ಕೈಗೇ ಬರುತ್ತದೆ. ‘ಇದು ನಮ್ಮ ಹವೆಗೆ ಒಗ್ಗುವ ಗಿಡವಲ್ಲ’ ಎಂಬ ತೀರ್ಪಿನೊಂದಿಗೆ ಕುಂಡ ಖಾಲಿಯಾಗುತ್ತದೆ. ಈ ತೀರ್ಪು ತಪ್ಪು ಎಂದು ನಿಮಗೆ ಮನವರಿಕೆ ಮಾಡಿಕೊಡಲು ಈ ಪತ್ರ ಬರೆಯುತ್ತಿದ್ದೇನೆ. ಬೇರೆ ಗಿಡಗಳಿಗೆ ಸಲ್ಲಬೇಕಾದ ಆರೈಕೆ ಇದಕ್ಕೆ ಸಂದದ್ದೇ ಅದರ ಸಾವಿಗೆ ಕಾರಣ. ಬ್ರೊಮೀಲಿಯಾಡ್ ಉಣ್ಣುವುದು, ಕುಡಿಯುವುದು ಮುಖ್ಯವಾಗಿ ಎಲೆಯಿಂದ. ಬೇರು ಹಿಡಿದು ನಿಲ್ಲುವುದಕ್ಕೆ. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಕುಂಡ, ನೀರು, ಗೊಬ್ಬರ, ಬಿಸಿಲು, ಸೊಳ್ಳೆ ಎಲ್ಲದರ ಬಗ್ಗೆಯೂ ಏನು ಮಾಡಬೇಕೆಂದು ನಿಮಗೇ ಹೊಳೆಯುತ್ತದೆ.

ಮೊದಲು ಗಿಡದ ಊರು, ಬಳಗ ತಿಳಿಯೋಣ. ಬ್ರೊಮೀಲಿಯಾಡ್ ಕುಟುಂಬದಲ್ಲಿ 3,500ಕ್ಕೂ ಹೆಚ್ಚು ಜಾತಿಗಳಿವೆ. ಪಶ್ಚಿಮ ಆಫ್ರಿಕಾದ ಗಿನಿಯಲ್ಲಿ ಬೆಳೆಯುವ ಒಂದೇ ಒಂದು ಜಾತಿಯನ್ನು ಬಿಟ್ಟರೆ ಉಳಿದವೆಲ್ಲ ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳವು. ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿಯ ಮಳೆಕಾಡು, ಆಂಡೀಸ್ ಪರ್ವತದ ಮೋಡ ಮುಸುಕಿದ ಇಳಿಜಾರು, ಕೆರಿಬಿಯನ್ ದ್ವೀಪಗಳು ಇವುಗಳ ತವರು. ಅಲ್ಲಿ ಇವುಗಳಲ್ಲಿ ಅನೇಕವು ನೆಲದ ಗೊಡವೆಗೇ ಹೋಗದೆ ಮರದ ಕವಲಿನಲ್ಲಿ, ಬಂಡೆಯ ಮೈಯಲ್ಲಿ ಕಚ್ಚಿಕೊಂಡು ಬದುಕುತ್ತವೆ. ಆಶ್ರಯ ಕೊಟ್ಟ ಮರದಿಂದ ರಸ ಹೀರುವುದಿಲ್ಲ, ಆದ್ದರಿಂದ ಬಂದಳಿಕೆಯ ಹಾಗೆ ಪರಾವಲಂಬಿಗಳಲ್ಲ. ಈ ಬಳಗದ ಒಬ್ಬ ಸದಸ್ಯನನ್ನು ನಾವು ನೆಂಟನೆಂದು ಗುರುತಿಸದೆಯೇ ಶತಮಾನಗಳಿಂದ ಬೆಳೆಸಿಕೊಂಡು ಬಂದಿದ್ದೇವೆ: ಅದು ಅನಾನಸ್. 1493ರಲ್ಲಿ ಕೊಲಂಬಸ್ ಗ್ವಾಡೆಲೂಪ್ ದ್ವೀಪದಲ್ಲಿ ಕಂಡ ಆ ಹಣ್ಣನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ಭಾರತಕ್ಕೆ ತಂದರು. ಇಂದು ಬನವಾಸಿ, ಸೊರಬ, ಸಾಗರದ ಸೀಮೆಯಲ್ಲಿ ಅದು ರೈತರ ಜೀವನಾಧಾರ. ಇಡೀ ಕುಟುಂಬವೇ ನಮ್ಮ ಹವೆಗೆ ಒಗ್ಗದು ಎನ್ನುವವರು ಒಮ್ಮೆ ಬನವಾಸಿಯ ಹೊಲಗಳನ್ನು ನೋಡಬೇಕು.

ಎಲೆ ಕುಡಿಯುತ್ತದೆ ಎಂಬುದಕ್ಕೆ ಪುರಾವೆ ಏನು? ಬ್ರೊಮೀಲಿಯಾಡ್ ಎಲೆಯ ಮೈಮೇಲೆ ಟ್ರೈಕೋಮ್ ಎಂಬ, ಕಣ್ಣಿಗೆ ಪುಡಿಯಂತೆ ಕಾಣುವ ಸೂಕ್ಷ್ಮ ಹುರುಪೆಗಳಿರುತ್ತವೆ. ನೀರು ಬಿದ್ದೊಡನೆ ಅವು ಅದನ್ನು ಹೀರಿ ಒಳಗಿನ ಜೀವಕೋಶಗಳಿಗೆ ದಾಟಿಸುತ್ತವೆ. ಒಣಗಿದಾಗ ಮುಚ್ಚಿಕೊಂಡು ಒಳಗಿನ ನೀರು ಹೊರಹೋಗದಂತೆ ತಡೆಯುತ್ತವೆ. ಟಿಲ್ಯಾಂಡ್ಸಿಯಾ ಎಂಬ ಬೂದುಬಣ್ಣದ ಬ್ರೊಮೀಲಿಯಾಡ್ ನಿಮ್ಮಲ್ಲಿದ್ದರೆ ಅದರ ಮೇಲೆ ನೀರು ಚಿಮುಕಿಸಿ ನೋಡಿ. ಬೂದು ಬಣ್ಣ ಮಾಯವಾಗಿ ಹಸಿರು ಮೇಲೇಳುತ್ತದೆ. ಹುರುಪೆಗಳು ನೀರು ತುಂಬಿಕೊಂಡು ಪಾರದರ್ಶಕವಾದಾಗ ಅಡಿಯ ಹಸಿರು ಕಾಣುವುದರಿಂದ ಹಾಗಾಗುತ್ತದೆ. ಗುಜ್ಮೇನಿಯಾ, ವ್ರೀಸಿಯಾ, ನಿಯೊರೆಜೀಲಿಯಾ, ಏಕ್ಮಿಯಾ ಎಂಬ ಬ್ರೊಮೀಲಿಯಾಡ್‌ಗಳಲ್ಲಿ ಈ ಹುರುಪೆಗಳು ಎಲೆಯ ಬುಡದಲ್ಲಿ ದಟ್ಟವಾಗಿವೆ. ಎಲೆಗಳು ಒಂದನ್ನೊಂದು ತಬ್ಬಿ ನಡುವೆ ಬಟ್ಟಲು ಮಾಡಿಕೊಂಡಿರುತ್ತವೆ. ಕಾಡಿನಲ್ಲಿ ಮಳೆನೀರು, ಉದುರಿದೆಲೆ, ಸತ್ತ ಕೀಟ, ಹಕ್ಕಿಯ ಹಿಕ್ಕೆ ಎಲ್ಲವೂ ಆ ಬಟ್ಟಲಿಗೆ ಸೇರಿ ಕೊಳೆತು ಗಿಡಕ್ಕೆ ಆಹಾರವಾಗುತ್ತವೆ. ಆ ಬಟ್ಟಲನ್ನೇ ಮನೆ ಮಾಡಿಕೊಂಡ ಜೀವಿಗಳೂ ಉಂಟು. ಜಮೈಕಾ ದ್ವೀಪದ ಒಂದು ಏಡಿ ಬ್ರೊಮೀಲಿಯಾಡ್ ಬಟ್ಟಲಿನಲ್ಲಿಯೇ ಮರಿ ಮಾಡುತ್ತದೆ. ತಾಯಿ ಏಡಿ ಉದುರಿದೆಲೆಗಳನ್ನು ಎತ್ತಿ ಹೊರಹಾಕಿ, ಬಸವನಹುಳುವಿನ ಖಾಲಿ ಚಿಪ್ಪು ತಂದು ಹಾಕಿ ನೀರಿನ ಹುಳಿ ತಗ್ಗಿಸುತ್ತದೆ. ಎಲೆಗಳು ಕೂಡಿ ಮಾಡಿಕೊಂಡ ಒಂದು ಬಟ್ಟಲಿನಲ್ಲಿ ಇಷ್ಟೊಂದು ಸಂಸಾರ ನಡೆಯುತ್ತದೆ ಎಂಬುದು ನಿಜಕ್ಕೂ ಬೆರಗಿನ ಸಂಗತಿ.

ಎಲೆ ಕುಡಿಯುತ್ತದೆ ಎಂಬುದಕ್ಕೆ ಇನ್ನೂ ಗಟ್ಟಿಯಾದ ಪುರಾವೆ ಸಿಗುವುದು ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಟ್ರಿನಿಡಾಡ್ ದ್ವೀಪದ ಕೋಕೋ ತೋಟಗಳಲ್ಲಿ ಮಲೇರಿಯಾ ಹಬ್ಬಿತ್ತು. ಅಲ್ಲಿ ಕೋಕೋ ಗಿಡಗಳಿಗೆ ನೆರಳು ಕೊಡುತ್ತಿದ್ದುದು ನಮ್ಮ ಕಾಫಿ ತೋಟಗಳ ಹಾಲುವಾಣದ ಬಳಗಕ್ಕೇ ಸೇರಿದ ಮರ. ಆ ಮರಗಳ ತುಂಬ ಬ್ರೊಮೀಲಿಯಾಡ್, ಅವುಗಳ ಬಟ್ಟಲಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ. ಅದನ್ನು ಅಧ್ಯಯನ ಮಾಡಿದ ಕಾಲಿನ್ ಪಿಟೆಂಡ್ರಿಗ್ ಎಂಬ ಜೀವಶಾಸ್ತ್ರಜ್ಞ 1948ರಲ್ಲಿ ತಮ್ಮ ಕೆಲಸವನ್ನು ಪ್ರಕಟಿಸಿದರು. ಜೈವಿಕ ಗಡಿಯಾರದ ಸಂಶೋಧನೆಯಿಂದ ಮುಂದೆ ಜಗತ್ಪ್ರಸಿದ್ಧರಾದವರು ಇವರೇ. ಬ್ರೊಮೀಲಿಯಾಡ್‌ಗಳನ್ನು ಅವರು ವಿಂಗಡಿಸಿದ್ದು ನೀರನ್ನು ಎಲ್ಲಿಂದ ಪಡೆಯುತ್ತವೆ ಎಂಬುದರ ಮೇಲೆ: ನೆಲದಲ್ಲಿ ಬೇರಿಳಿಸಿ ಕುಡಿಯುವಂಥವು ಒಂದು ತುದಿಗೆ, ಬೇರನ್ನು ಬರೀ ಹಿಡಿತಕ್ಕೆ ಇಟ್ಟುಕೊಂಡು ಎಲೆಯಿಂದಲೇ ಕುಡಿಯುವಂಥವು ಇನ್ನೊಂದು ತುದಿಗೆ. ಮಲೇರಿಯಾ ತಡೆಯಲು ಟ್ರಿನಿಡಾಡಿನಲ್ಲಿ ಆ ಗಿಡಗಳನ್ನು ಕೊಂದದ್ದು ಹೇಗೆ? ಮರದ ಮೇಲಕ್ಕೆ ಮೈಲುತುತ್ತದ ದ್ರಾವಣ, ಅಂದರೆ ತಾಮ್ರದ ಸಲ್ಫೇಟ್, ಸಿಂಪಡಿಸಿ. ತೋಟದ ಮರಕ್ಕೆ ಕೇಡಾಗದ ಪ್ರಮಾಣ ಎಲೆಯಿಂದ ಕುಡಿಯುವ ಈ ಗಿಡಗಳಿಗೆ ವಿಷವಾಯಿತು. ಎಲೆಯ ಮೇಲೆ ಬಿದ್ದದ್ದೆಲ್ಲ ಒಳಗೆ ಹೋಗುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪ್ರಯೋಗ ಇರಲಾರದು.

ಈಗ ಇದನ್ನು ನಿಮ್ಮ ಕುಂಡಕ್ಕೆ ಅನ್ವಯಿಸಿ. ಹಿಡಿತಕ್ಕಷ್ಟೇ ಬೇಕಾದ ಬೇರಿಗೆ ಕೆಮ್ಮಣ್ಣು, ಸಗಣಿಗೊಬ್ಬರ ಬೆರೆಸಿದ ಭಾರಿ ಮಣ್ಣಿನಲ್ಲಿ ಉಸಿರಾಡಲು ಗಾಳಿ ಸಿಗುವುದಿಲ್ಲ. ಅದು ಕೊಳೆಯುತ್ತದೆ, ಕೊಳೆ ಮೇಲೇರಿ ಸುಳಿ ತಲುಪುತ್ತದೆ. ಆದ್ದರಿಂದ ತೆಂಗಿನ ಸಿಪ್ಪೆಯ ಸಣ್ಣ ತುಂಡು, ಇದ್ದಿಲು, ಇಟ್ಟಿಗೆ ಚೂರು ಇವನ್ನು ಬೆರೆಸಿ ತುಂಬಿ. ಸಿಪ್ಪೆಯ ತುಂಡುಗಳನ್ನು ಮೊದಲು ಕೆಲವು ದಿನ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತ, ಒಗರು ಮತ್ತು ಉಪ್ಪು ಕಳೆದ ಮೇಲೆ ಬಳಸಬೇಕು. ಕೋಕೋಪೀಟ್ ಒಂದನ್ನೇ ತುಂಬಿದರೆ ಅದು ನೀರು ಹಿಡಿದುಕೊಂಡು ಮಣ್ಣಿನಷ್ಟೇ ತೊಂದರೆ ಕೊಡುತ್ತದೆ. ಕುಂಡ ಚಿಕ್ಕದಿರಲಿ, ಸಾಮಾನ್ಯ ಗಾತ್ರದ ಗಿಡಕ್ಕೆ 5–6 ಇಂಚಿನದು ಸಾಕು. ಮೇಲ್ಭಾಗ ಭಾರವಾಗಿ ಕುಂಡ ಉರುಳುವಂತಿದ್ದರೆ ಪ್ಲಾಸ್ಟಿಕ್ ಬಿಟ್ಟು ಮಣ್ಣಿನ ಕುಂಡ ತನ್ನಿ, ತಳಕ್ಕೆ ಎರಡು ಕಲ್ಲು ಹಾಕಿ. ಎಲೆಗಳ ಬುಡ ಮಿಶ್ರಣದ ಮಟ್ಟಕ್ಕೇ ಇರಬೇಕು, ಆಳಕ್ಕೆ ಹೂತರೆ ಕೊಳೆಯುತ್ತದೆ. ಹೊಸದಾಗಿ ನೆಟ್ಟ ಗಿಡ ಅಲುಗಾಡಿದರೆ ಎಳೆ ಬೇರು ಮುರಿಯುತ್ತದೆ, ಬೇರು ಕಚ್ಚಿಕೊಳ್ಳುವವರೆಗೆ ಒಂದು ಕಡ್ಡಿಗೆ ಕಟ್ಟಿ ನಿಲ್ಲಿಸಿ.

ನೀರಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ಊರುಗಳಲ್ಲಿ ಗಿಡ ಸಾಯುವುದು ಬಹುಪಾಲು ಇಲ್ಲಿಯೇ. ನೀರು ಬಟ್ಟಲಿಗೆ ಹೋಗಲಿ, ಮಿಶ್ರಣ ಬರೀ ತೇವವಾಗಿರಲಿ. ಬಟ್ಟಲು ತುಂಬಿ ತುಳುಕಬೇಕಿಲ್ಲ, ಬೆಳಕು ಕಡಿಮೆಯಿರುವ ಕೋಣೆಯೊಳಗಂತೂ ತಳದಲ್ಲಿ ಸ್ವಲ್ಪ ಇದ್ದರೆ ಸಾಕು. ಎಲೆ ಕುಡಿದ ನೀರಿನ ಜೊತೆಗೆ ಅದರಲ್ಲಿರುವ ಉಪ್ಪನ್ನೂ ಎದುರಿಸಬೇಕಾಗುತ್ತದೆ. ಕೊಳವೆಬಾವಿಯ ಗಡಸು ನೀರು ಬಟ್ಟಲಿನಲ್ಲಿ ಆರಿದಂತೆ ಬಿಳಿ ಗೆರೆ ಬಿಟ್ಟು ಹುರುಪೆಗಳನ್ನು ಕಟ್ಟಿಹಾಕುತ್ತದೆ, ಎಲೆಯ ತುದಿ ಸುಟ್ಟಂತೆ ಒಣಗುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಸಾಫ್ಟ್‌ನರ್ ಹಾಯ್ದು ಬರುವ ನೀರು ಕೈಗೆ ಮೃದುವಾದರೂ ಅದರಲ್ಲಿ ಸುಣ್ಣದ ಜಾಗಕ್ಕೆ ಸೋಡಿಯಂ ಬಂದಿರುತ್ತದೆ, ಅದೂ ಬೇಡ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಗಿಡಗಳಿಗೆ ಹಾಕುವ ಒಳ್ಳೆಯ ಅಭ್ಯಾಸ ಹಲವರಿಗಿದೆ. ಉಳಿದ ಗಿಡಗಳ ಮಾತು ಹೇಗೇ ಇರಲಿ, ಉಪ್ಪು ಇನ್ನಷ್ಟು ಸಾಂದ್ರವಾಗಿರುವ ಆ ನೀರನ್ನು ಬ್ರೊಮೀಲಿಯಾಡ್ ಬಟ್ಟಲಿಗೆ ಹಾಕಬೇಡಿ. ಮಳೆನೀರು ಎಲ್ಲಕ್ಕಿಂತ ಉತ್ತಮ. ಛಾವಣಿಯ ಮಳೆಕೊಯ್ಲಿನಿಂದ ನಾಲ್ಕು ಕ್ಯಾನ್ ತುಂಬಿಟ್ಟುಕೊಂಡರೆ ಹತ್ತು ಗಿಡಗಳ ಮನೆಗೆ ಬಹಳ ದಿನ ಬರುತ್ತದೆ. ಮುಚ್ಚಳ ಮಾತ್ರ ಬಿಗಿಯಾಗಿರಲಿ.

ಟ್ರಿನಿಡಾಡಿನ ತಾಮ್ರದ ಕಥೆ ನಮಗೆ ಎರಡು ಕಡೆ ನೇರವಾಗಿ ತಾಕುತ್ತದೆ. ತಾಮ್ರದ ಚೊಂಬಿನಲ್ಲಿ ರಾತ್ರಿಯಿಟ್ಟ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ನಂಬಿ ಉಳಿದದ್ದನ್ನು ಗಿಡಕ್ಕೆ ಎರೆಯುವವರು ಈ ಗಿಡವನ್ನು ಹೊರತುಪಡಿಸಲಿ. ಮಲೆನಾಡಿನ ಬಂಧುಗಳಿಗೆ ಎರಡನೆಯ ಎಚ್ಚರಿಕೆ: ಕೊಳೆರೋಗಕ್ಕೆ ಅಡಿಕೆ ಮರಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದೂ ಅದೇ ಮೈಲುತುತ್ತ. ತೋಟದ ಅಂಚಿನಲ್ಲಿ, ಅಡಿಕೆ ಮರದ ಕೆಳಗೆ ಬ್ರೊಮೀಲಿಯಾಡ್ ಇಟ್ಟಿದ್ದರೆ ಔಷಧಿ ಹೊಡೆಯುವ ದಿನಕ್ಕೆ ಮೊದಲು ಜಾಗ ಬದಲಿಸಿ. ಟಿಲ್ಯಾಂಡ್ಸಿಯಾವನ್ನು ಮರದ ತುಂಡಿಗೆ ಕಟ್ಟುವಾಗಲೂ ತಾಮ್ರದ ತಂತಿ ಬೇಡ, ನೈಲಾನ್ ದಾರ ಸಾಕು. ಎಣ್ಣೆಯೂ ಇದೇ ಸಾಲಿಗೆ ಸೇರುತ್ತದೆ. ಹಿಟ್ಟು ತಿಗಣೆ ಬಂದೊಡನೆ ಬೇವಿನೆಣ್ಣೆ ಸಿಂಪಡಿಸುವುದು ನಮಗೆ ರೂಢಿ, ಆದರೆ ಎಣ್ಣೆಯ ಪದರ ಹುರುಪೆಗಳನ್ನು ಮುಚ್ಚಿಬಿಡುತ್ತದೆ. ತಿಗಣೆಯನ್ನು ನೀರು ಬೆರೆಸಿದ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ನಾವು ಮಣ್ಣಿಗೇ ನೀರು ಹಾಕಿದೆವು, ಆರು ತಿಂಗಳು ಚೆನ್ನಾಗಿಯೇ ಇತ್ತಲ್ಲ?’ ಇತ್ತು, ಹೌದು. ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ ಬೇರು ಪೂರ್ತಿ ಕೊಳೆತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ತಪ್ಪಿಗೂ ಅದರ ಫಲಕ್ಕೂ ನಡುವೆ ಇಷ್ಟು ಅಂತರ ಇರುವುದರಿಂದಲೇ ಹೊಸಬರು ಪಾಠ ಕಲಿಯುವುದು ಕಷ್ಟ. ಜೂನ್‌ನಲ್ಲಿ ಸುರಿದ ನೀರು ಸೆಪ್ಟೆಂಬರ್‌ನಲ್ಲಿ ಕೊಂದಾಗ ನಾವು ಸೆಪ್ಟೆಂಬರ್‌ನ ಹವೆಯನ್ನು ದೂರುತ್ತೇವೆ. ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದದ್ದು: ಎಲ್ಲ ಬ್ರೊಮೀಲಿಯಾಡ್‌ಗಳ ಬೇರೂ ಹಾಗಲ್ಲ. ಅನಾನಸ್ ನೆಲದಿಂದ ಕುಡಿಯುತ್ತದೆ, ಎಲೆಕಂಕುಳಲ್ಲಿ ನಿಂತ ನೀರನ್ನೂ ಬಿಡುವುದಿಲ್ಲ. ನೆಲಕ್ಕಂಟಿ ನಕ್ಷತ್ರದ ಆಕಾರದಲ್ಲಿ ಹರಡುವ ಕ್ರಿಪ್ಟಾಂಥಸ್ ಕೂಡ ನೆಲದ ಗಿಡ, ಅದಕ್ಕೆ ಮಿಶ್ರಣದಲ್ಲಿ ಸ್ವಲ್ಪ ಎಲೆಗೊಬ್ಬರ ಬೇಕು, ತೇವವೂ ಬೇಕು. ಮರದ ಮೇಲಿನ ಗಿಡಗಳ ಬೇರೂ ಒಂದಿಷ್ಟು ನೀರು ಹೀರಬಲ್ಲದು. ನಾನು ಹೇಳುವುದು ಯಾವುದಕ್ಕೆ ಹೆಚ್ಚು ತೂಕ ಎಂಬುದನ್ನು. ನರ್ಸರಿಯಲ್ಲಿ ನೀವು ಕೊಳ್ಳುವ ಬಟ್ಟಲಿನ ಗಿಡಗಳಿಗೆ ಬೇರಿನ ಉಸಿರೇ ಮೊದಲು, ಬೇರಿನ ದಾಹ ಆಮೇಲೆ.

ಆಹಾರದ ಲೆಕ್ಕವೂ ಇದರಿಂದಲೇ ಹೊರಡುತ್ತದೆ. ಕಾಡಿನ ಬಟ್ಟಲಿಗೆ ಬೀಳುವುದು ಅತ್ಯಲ್ಪ, ಆದ್ದರಿಂದ ಈ ಗಿಡದ ಹಸಿವೂ ಅಲ್ಪ. ನೀರಿನಲ್ಲಿ ಕರಗುವ ಗೊಬ್ಬರವನ್ನು ಪೊಟ್ಟಣದ ಮೇಲೆ ಹೇಳಿದ್ದರ ಕಾಲುಭಾಗಕ್ಕೆ ಇಳಿಸಿ, ಬೆಳವಣಿಗೆಯ ತಿಂಗಳುಗಳಲ್ಲಿ ಅಪರೂಪಕ್ಕೊಮ್ಮೆ ಮಿಶ್ರಣಕ್ಕೆ ಕೊಟ್ಟರೆ ಬೇಕಾದಷ್ಟಾಯಿತು. ಜೀವಾಮೃತ, ಸಗಣಿ ಬಗ್ಗಡ, ಕಡಲೆಹಿಂಡಿಯ ನೀರು ಇವನ್ನು ಬಟ್ಟಲಿಗೆ ಹಾಕಿದರೆ ಅಲ್ಲೇ ಹುಳಿತು ಸುಳಿಯನ್ನು ಕೊಳೆಸುತ್ತವೆ. ನಿಯೊರೆಜೀಲಿಯಾಕ್ಕೆ ಸಾರಜನಕ ಹೆಚ್ಚಾದರೆ ಅದರ ಕೆಂಪು ಮಾಸಿ ಎಲೆ ಉದ್ದುದ್ದ ಹಸಿರು ಪಟ್ಟಿಯಾಗುತ್ತದೆ. ಕೊಂಡಾಗಿದ್ದ ಅಂದ ಎಲ್ಲಿ ಹೋಯಿತೆಂದು ಹುಡುಕುವಂತಾಗುತ್ತದೆ.

ಬೆಳಕಿಗೆ ಒಂದು ಸುಲಭದ ಗುರುತಿದೆ, ಎಲೆಯನ್ನು ಮುಟ್ಟಿ ನೋಡಿ. ಮೆತ್ತಗೆ, ಮುಳ್ಳಿಲ್ಲದೆ, ಹೊಳೆಯುತ್ತಿದ್ದರೆ ಅದು ಕಾಡಿನ ಕೆಳಗಿನ ನೆರಳಿನದು: ಗುಜ್ಮೇನಿಯಾ, ವ್ರೀಸಿಯಾ. ಗಡುಸಾಗಿ, ಅಂಚಿಗೆ ಮುಳ್ಳಿದ್ದರೆ ಮೇಲಿನ ಬೆಳಕಿನದು: ನಿಯೊರೆಜೀಲಿಯಾ, ಏಕ್ಮಿಯಾ, ಬಿಲ್ಬರ್ಜಿಯಾ. ಮೊದಲಿನವಕ್ಕೆ ಕಿಟಕಿಯ ಪಕ್ಕದ ತಿಳಿ ಬೆಳಕು ಸಾಕು. ಎರಡನೆಯವಕ್ಕೆ ಬೆಳಗಿನ ಎಳೆಬಿಸಿಲು, ಅಥವಾ ಶೇಕಡ 50 ನೆರಳಿನ ಬಲೆಯ ಕೆಳಗಿನ ಜಾಗ ಬೇಕು. ಪೂರ್ವಕ್ಕೆ ತೆರೆದ ಬಾಲ್ಕನಿ ಎರಡಕ್ಕೂ ಹಿತ. ಮಾರ್ಚ್‌ನಿಂದ ಮೇ ವರೆಗಿನ ಮಧ್ಯಾಹ್ನದ ಬಿಸಿಲು ಗಡುಸು ಎಲೆಯನ್ನೂ ಸುಡುತ್ತದೆ. ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಕೊಡಗಿನ ಹವೆ ಇವಕ್ಕೆ ಹೇಳಿಮಾಡಿಸಿದಂಥದು. ಕರಾವಳಿಯ ತೇವವೂ ಒಳ್ಳೆಯದೇ, ಜಡಿಮಳೆಯಲ್ಲಿ ಮೇಲೊಂದು ಸೂರಿರಬೇಕು ಅಷ್ಟೆ. ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟುವ ಒಣ ಬೇಸಿಗೆಯಲ್ಲಿ ಗುಜ್ಮೇನಿಯಾ ಸಾಕುವುದು ಕಷ್ಟ ಎಂಬುದನ್ನು ಮುಚ್ಚಿಡಬಾರದು. ಅಲ್ಲಿಯವರು ಬಿಲ್ಬರ್ಜಿಯಾ, ಏಕ್ಮಿಯಾಗಳಿಂದ ಆರಂಭಿಸಲಿ. ಉಳಿದ ಊರುಗಳ ಹೊಸಬರಿಗೆ ನನ್ನ ಆಯ್ಕೆ ನಿಯೊರೆಜೀಲಿಯಾ. ಅದರ ಚೆಲುವು ಎಲೆಯಲ್ಲಿರುವುದರಿಂದ ಹೂವಿಗೆ ಕಾಯಬೇಕಿಲ್ಲ, ಹೂ ಹೋಯಿತೆಂಬ ಕೊರಗೂ ಇಲ್ಲ.

ಹೂವಿನ ಕೊರಗಿನ ಮಾತು ಬಂತು. ಅತಿ ಹೆಚ್ಚು ಕೇಳಿಬರುವ ದೂರು ಇದೇ: ‘ಒಮ್ಮೆ ಹೂ ಬಿಟ್ಟು ಸಾಯುವ ಗಿಡಕ್ಕೆ ದುಡ್ಡು ಏಕೆ ಸುರಿಯಬೇಕು?’ ಬಣ್ಣದ ಆ ಗೊಂಚಲಿನಲ್ಲಿ ನಾವು ಹೂವೆಂದುಕೊಳ್ಳುವುದು ಹೆಚ್ಚಾಗಿ ಹೂಪತ್ರಗಳು, ನಿಜವಾದ ಹೂಗಳು ಅವುಗಳ ಸಂದಿಯಿಂದ ಇಣುಕಿ ಬೇಗ ಹೋಗುತ್ತವೆ. ಹೂಪತ್ರಗಳ ಬಣ್ಣ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಬಣ್ಣ ಮಾಸುವ ಹೊತ್ತಿಗೆ ಗಿಡದ ಬುಡದಲ್ಲಿ ಮರಿಗಳು ಏಳುತ್ತಿರುತ್ತವೆ. ಗೊನೆ ಕೊಟ್ಟ ಬಾಳೆಯನ್ನು ಸತ್ತಿತೆಂದು ಯಾರೂ ಬುಡಸಮೇತ ಕಿತ್ತೆಸೆಯುವುದಿಲ್ಲ, ಪಕ್ಕದ ಕಂದು ನಮಗೆ ಕಾಣುತ್ತದೆ. ಇಲ್ಲಿಯೂ ನಡೆಯುವುದು ಅದೇ. ಅನಾನಸ್ ಬೆಳೆಗಾರನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂದು ಗಿಡ ಒಂದೇ ಹಣ್ಣು ಕೊಡುತ್ತದೆ, ಬುಡದ ಕಂದಿನಿಂದ ಕೂಳೆ ಬೆಳೆ ಬರುತ್ತದೆ ಎಂಬ ಲೆಕ್ಕದ ಮೇಲೆಯೇ ಅವನ ಹೊಲ ನಿಂತಿದೆ. ಕುಟುಂಬದಲ್ಲಿ ಇದಕ್ಕೆ ಅಪವಾದವೂ ಉಂಟು. ಆಂಡೀಸ್ ಪರ್ವತದ ದೈತ್ಯ ಪೂಯಾ ರೈಮೊಂಡಿ ಹಲವು ದಶಕ ಬೆಳೆದು, ಒಮ್ಮೆ ಹೂಬಿಟ್ಟು, ಬೀಜ ಚೆಲ್ಲಿ, ಮರಿಯಿಲ್ಲದೆ ಸಾಯುತ್ತದೆ. ನಮ್ಮ ಮನೆಗೆ ಬರುವ ಜಾತಿಗಳು ಹಾಗಲ್ಲ.

ಹೂ ಮುಗಿದ ಮೇಲೆ ಒಣಗಿದ ಹೂದಂಟನ್ನಷ್ಟೇ ಕತ್ತರಿಸಿ ತಾಯಿಗಿಡವನ್ನು ಹಾಗೇ ಬಿಡಿ. ಅದರ ಎಲೆಗಳು ಸೊರಗುತ್ತ ಸೊರಗುತ್ತ ಮರಿಗಳಿಗೆ ಉಣಿಸುತ್ತಿರುತ್ತವೆ. ಮರಿ ತಾಯಿಯ ಎತ್ತರದ ಮೂರನೇ ಒಂದು ಭಾಗದಿಂದ ಅರ್ಧದಷ್ಟಾದಾಗ ಹರಿತವಾದ ಚಾಕುವಿನಿಂದ ಬುಡಕ್ಕೆ ಹತ್ತಿರ ಬಿಡಿಸಿ, ಗಾಯವನ್ನು ಒಂದೆರಡು ದಿನ ಒಣಗಲು ಬಿಟ್ಟು ನೆಡಿ. ಆತುರಪಟ್ಟು ಚಿಕ್ಕ ಮರಿ ಕಿತ್ತವರು ಮರಿಯನ್ನೂ ಕಳೆದುಕೊಳ್ಳುತ್ತಾರೆ. ಬಿಡಿಸದೆಯೇ ಬಿಟ್ಟರೂ ತಪ್ಪಿಲ್ಲ, ಗುಂಪಾಗಿ ಬೆಳೆದು ಕುಂಡ ತುಂಬುತ್ತದೆ. ಮರಿ ಹೂ ಬಿಡಲು ಒಂದರಿಂದ ಮೂರು ವರ್ಷ ಹಿಡಿಯುತ್ತದೆ. ಬಲಿತರೂ ಹೂ ಬರದಿದ್ದರೆ ಒಂದು ಉಪಾಯವುಂಟು. ಅಝೋರ್ಸ್ ದ್ವೀಪಗಳ ಗಾಜಿನ ಮನೆಗಳಲ್ಲಿ ಅನಾನಸ್ ಬೆಳೆಯುತ್ತಿದ್ದವರು 19ನೇ ಶತಮಾನದಲ್ಲಿ ಹೊಗೆ ತಾಗಿದ ಗಿಡಗಳು ಒಟ್ಟಿಗೇ ಹೂ ಬಿಡುವುದನ್ನು ಕಂಡರು. ಹೊಗೆಯಲ್ಲಿದ್ದ ಎಥಿಲೀನ್ ಅನಿಲ ಇದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಇಂದು ಅನಾನಸ್ ರೈತರು ಗಿಡದ ಸುಳಿಗೆ ಎಥಿಲೀನ್ ಬಿಡುವ ಎಥೆಫಾನ್ ಸುರಿಯುವುದು, ನರ್ಸರಿಗಳು ಹಬ್ಬದ ಹೊತ್ತಿಗೆ ಸರಿಯಾಗಿ ಗುಜ್ಮೇನಿಯಾ ಅರಳಿಸುವುದು ಇದೇ ತಿಳಿವಳಿಕೆಯಿಂದ. ಮನೆಯಲ್ಲಿ ಬಟ್ಟಲಿನ ನೀರು ಚೆಲ್ಲಿ, ಬಲಿತ ಗಿಡವನ್ನು ಒಂದು ಮಾಗಿದ ಸೇಬಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಲ್ಲದ ಕಡೆ ಕೆಲವು ದಿನ ಇಟ್ಟರೆ ಹಣ್ಣಿನಿಂದ ಹೊರಡುವ ಎಥಿಲೀನ್ ಅದೇ ಕೆಲಸ ಮಾಡುತ್ತದೆ. ಫಲ ಕಾಣಲು ಕೆಲವು ವಾರಗಳೇ ಬೇಕು.

ಇನ್ನು ಸೊಳ್ಳೆ. ಬಟ್ಟಲಿನ ನೀರಿನಲ್ಲಿ ಸೊಳ್ಳೆ ಬೆಳೆಯುತ್ತದೆಂಬ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವ ಹಕ್ಕು ಯಾವ ಗಿಡಪ್ರೇಮಿಗೂ ಇಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ದಂಡ ಗೊತ್ತುಮಾಡಿತು. ಟ್ರಿನಿಡಾಡಿನ ಮಲೇರಿಯಾ ಸೊಳ್ಳೆಯ ಬಗ್ಗೆ ನಮಗೆ ಭಯ ಬೇಕಿಲ್ಲ, ಬ್ರೊಮೀಲಿಯಾಡ್‌ಗೆ ಅಂಟಿಕೊಂಡು ಬಾಳುವ ಆ ಅನಾಫಿಲಿಸ್ ಬಳಗ ಅಮೆರಿಕ ಖಂಡಗಳಲ್ಲಿ ಮಾತ್ರವಿದೆ. ಪ್ರಶ್ನೆಯಿರುವುದು ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಬಗ್ಗೆ, ಅದು ನಮ್ಮ ಮನೆಮನೆಯಲ್ಲೂ ಇದೆ. ಇಲ್ಲಿ ಸಾಕ್ಷ್ಯ ಎರಡು ದಿಕ್ಕಿಗೆ ಎಳೆಯುತ್ತದೆ. ರಿಯೊ ಡಿ ಜನೈರೊದ ಸಸ್ಯೋದ್ಯಾನದ ಬ್ರೊಮೀಲಿಯಾಡ್‌ಗಳಲ್ಲಿ ಹುಡುಕಿದ ಸಂಶೋಧಕರಿಗೆ ಸ್ಥಳೀಯ ಸೊಳ್ಳೆಗಳು ಹೇರಳವಾಗಿ ಸಿಕ್ಕವು, ಈಡಿಸ್ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಗಿಡ ಬೆಳೆಸುವವರು ಇದನ್ನೇ ಹಿಡಿದು ಮಾತಾಡುತ್ತಾರೆ. ಆದರೆ ಫ್ಲಾರಿಡಾದಲ್ಲಿ 2016ರಲ್ಲಿ ಅದೇ ಈಡಿಸ್ ಹರಡುವ ಝೀಕಾ ರೋಗ ಹಬ್ಬಿದಾಗ ಮಯಾಮಿ ಬೀಚ್ ನಗರಾಡಳಿತ ಸಾರ್ವಜನಿಕ ಜಾಗಗಳ ಬ್ರೊಮೀಲಿಯಾಡ್‌ಗಳನ್ನು ಕಿತ್ತುಹಾಕಿಸಿತು. ಆ ಪ್ರದೇಶದಲ್ಲಿ ಮುಂದೆ ನಡೆದ ಸಮೀಕ್ಷೆಗಳು ಅಲಂಕಾರದ ಬ್ರೊಮೀಲಿಯಾಡ್‌ಗಳಲ್ಲಿ ಈಡಿಸ್ ಬೆಳೆಯುವುದನ್ನು ದೃಢಪಡಿಸಿದವು. ನನ್ನ ದೃಷ್ಟಿಯಲ್ಲಿ ನಮಗೆ ಹತ್ತಿರದ್ದು ಮಯಾಮಿಯ ಪಾಠವೇ. ಬ್ರೆಜಿಲ್‌ನ ಬಟ್ಟಲುಗಳಲ್ಲಿ ಜಾಗಕ್ಕಾಗಿ ಪೈಪೋಟಿ ಮಾಡುವ, ಒಂದನ್ನೊಂದು ತಿನ್ನುವ ಜೀವಿಗಳ ಗುಂಪೇ ಇದೆ; ನಮ್ಮ ಬಾಲ್ಕನಿಯ ಬಟ್ಟಲು ಖಾಲಿ ಮನೆ.

ಹಾಗಾದರೆ ಬೆಳೆಸಲೇಬಾರದೇ? ಈಡಿಸ್ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ನಮ್ಮ ಹವೆಯಲ್ಲಿ ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಆ ಸರಪಳಿಯನ್ನು ವಾರದೊಳಗೆ ಕಡಿಯಬೇಕು. ವಾರಕ್ಕೊಮ್ಮೆ, ಮುಂಗಾರಿನಲ್ಲಿ ವಾರಕ್ಕೆರಡು ಸಲ, ಕುಂಡವನ್ನು ಓರೆಮಾಡಿ ಹಳೆ ನೀರೆಲ್ಲ ಚೆಲ್ಲಿ, ಪೈಪಿನ ನೀರು ರಭಸದಿಂದ ಬಿಟ್ಟು ಪ್ರತಿ ಎಲೆಯ ಸಂದಿಯನ್ನೂ ತೊಳೆದು, ಹೊಸ ನೀರು ಸ್ವಲ್ಪವೇ ಹಾಕಿ. ಬರೀ ಬಗ್ಗಿಸಿ ಸುರಿದರೆ ಸಾಲದು, ಈಡಿಸ್ ಮೊಟ್ಟೆ ನೀರಿನಂಚಿನ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಸೊಳ್ಳೆಮರಿಯನ್ನು ಕೊಲ್ಲುವ ಬಿಟಿಐ ಎಂಬ ಬ್ಯಾಕ್ಟೀರಿಯಾ ಪುಡಿಯನ್ನು ಬಟ್ಟಲಿಗೆ ಹಾಕಬಹುದು. ಸೀಮೆಎಣ್ಣೆ ಹನಿಸಿದರೆ ಗಿಡವೂ ಹೋಗುತ್ತದೆ. ಮರದ ತುಂಬ ಕಟ್ಟಿದ, ಕೈಗೆಟುಕದ, ತೊಳೆಯಲಾಗದ ಬ್ರೊಮೀಲಿಯಾಡ್ ನಗರದಲ್ಲಿ ಬೇಡ. ಅಪಾರ್ಟ್‌ಮೆಂಟಿನ ಸಾಮೂಹಿಕ ಉದ್ಯಾನದಲ್ಲಿ ಯಾರು ತೊಳೆಯುತ್ತಾರೆಂದು ಗೊತ್ತಾಗದೆ ಸಾಲುಸಾಲು ನೆಡುವುದೂ ಬೇಡ. ತಿಂಗಳಿಗೆ ಹದಿನೈದು ದಿನ ಊರಲ್ಲಿರದವರು ಬಟ್ಟಲಿಲ್ಲದ ಟಿಲ್ಯಾಂಡ್ಸಿಯಾ ಸಾಕಲಿ. ವಾರಕ್ಕೊಂದೆರಡು ಸಲ ಬೆಳಿಗ್ಗೆ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ, ತಲೆಕೆಳಗಾಗಿ ಕೊಡವಿ, ಗಾಳಿಯಾಡುವಲ್ಲಿ ಒಣಗಿಸಿದರೆ ಸಾಕು. ಅನೇಕ ಟಿಲ್ಯಾಂಡ್ಸಿಯಾಗಳು ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುವುದು ರಾತ್ರಿ; ಸಂಜೆ ಮುಳುಗಿಸಿದರೆ ಒದ್ದೆ ಎಲೆಗೆ ಉಸಿರು ಕಟ್ಟುತ್ತದೆ. ಊರಿಂದ ಹಿಂದಿರುಗುವವರೆಗೆ ಅದನ್ನು ಪಕ್ಕದ ಮನೆಯವರಿಗೆ ಒಪ್ಪಿಸುವುದೂ ಸುಲಭ.

ಕೊನೆಯ ಆಕ್ಷೇಪ ಪರಿಸರ ಪ್ರೀತಿಯ ಗೆಳೆಯರದು: ಪಶ್ಚಿಮ ಘಟ್ಟದ ಸೀತಾಳೆದಂಡೆಯಂಥ ನಮ್ಮದೇ ಮರವಾಸಿ ಆರ್ಕಿಡ್‌ಗಳಿರುವಾಗ ಬ್ರೆಜಿಲ್ ಗಿಡ ಏಕೆ? ಈ ಪ್ರಶ್ನೆಯ ಹಿಂದಿನ ಕಾಳಜಿಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಸೀತಾಳೆದಂಡೆಯ ಮೇಲಿನ ಪ್ರೀತಿ ಕಾಡಿನ ಮರದಿಂದ ಅದನ್ನು ಕಿತ್ತು ತರುವಲ್ಲಿಗೆ ಮುಟ್ಟುವುದಾದರೆ ಅದಕ್ಕಿಂತ ನರ್ಸರಿಯಲ್ಲಿ ಬೆಳೆಸಿದ ನಿಯೊರೆಜೀಲಿಯಾವೇ ವಾಸಿ. ಅಂಗಾಂಶ ಕೃಷಿಯಲ್ಲೋ ಮರಿಯಿಂದಲೋ ಬೆಳೆದ ಗಿಡ ಯಾವ ಕಾಡನ್ನೂ ಬರಿದು ಮಾಡಿರುವುದಿಲ್ಲ. ಕೊಳ್ಳುವಾಗ ಅದನ್ನು ಕೇಳಿಯೇ ಕೊಳ್ಳಿ, ಟಿಲ್ಯಾಂಡ್ಸಿಯಾ ವಿಷಯದಲ್ಲಂತೂ ತಪ್ಪದೆ ಕೇಳಿ. ಮಧ್ಯ ಅಮೆರಿಕದ ಟಿಲ್ಯಾಂಡ್ಸಿಯಾ ಝೆರೊಗ್ರಾಫಿಕಾ ಕಾಡಿನಿಂದ ಅತಿಯಾಗಿ ಕಿತ್ತು ಮಾರಿದ್ದರಿಂದಲೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟೀಸ್ ಪಟ್ಟಿಗೆ ಸೇರಿದೆ. ಇನ್ನೊಂದು ಗೆರೆಯನ್ನು ನಾವೇ ಎಳೆದುಕೊಳ್ಳಬೇಕು. ಕೊಡಗು, ಮಲೆನಾಡಿನ ಹೋಂಸ್ಟೇಗಳವರು, ಎಸ್ಟೇಟ್ ಮಾಲೀಕರು ಕಾಡಂಚಿನ ಮರಗಳಿಗೆ ಬ್ರೊಮೀಲಿಯಾಡ್ ಕಟ್ಟುವುದು ಬೇಡ. ಆ ಕವಲುಗಳು ನಮ್ಮ ಆರ್ಕಿಡ್‌ಗಳ, ಜರೀಗಿಡಗಳ, ಪಾಚಿಗಳ ಜಾಗ. ಬ್ರೊಮೀಲಿಯಾಡ್ ಕುಂಡದಲ್ಲಿ, ಮನೆಯ ಎಲ್ಲೆಯೊಳಗೆ, ನೀವು ಕೈಯಿಟ್ಟು ತೊಳೆಯಬಲ್ಲ ಕಡೆ ಇರಲಿ. ಮರಿಗಳು ಹೆಚ್ಚಾದಾಗ ಹೆಸರಿನ ಚೀಟಿ ಕಟ್ಟಿ, ನೀರು ಎಲ್ಲಿ ಹಾಕಬೇಕು, ವಾರಕ್ಕೊಮ್ಮೆ ಹೇಗೆ ತೊಳೆಯಬೇಕು ಎಂದು ಎರಡು ಸಾಲು ಬರೆದು, ತೊಳೆಯುತ್ತೇನೆಂದು ಒಪ್ಪಿಕೊಂಡವರಿಗೆ ಕೊಡಿ.

ಇಂತಿ,
ನಿಮ್ಮಂತೆಯೇ ಗಿಡಗಳನ್ನು ಪ್ರೀತಿಸುವ ಒಬ್ಬ ತೋಟಗಾರ